ವಖಾರಿಯ ಅಡಿಕೆ ಲೆಕ್ಕ ಪೋಸ್ಟ್‌ಗ್ರೆಸ್‌ಗೆ ಬಂದ ಬಗೆ

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಇಲ್ಲಿ ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪು ಇದೆ. ಸದಸ್ಯರು ವಖಾರಿಗೆ ಚೀಲ ತಂದು ಹಾಕುತ್ತಾರೆ. ಅಲ್ಲಿ ತೂಕ ಮಾಡಿ, ಆರಿಸಿ, ದರ್ಜೆ ಬೇರೆ ಮಾಡುತ್ತೇವೆ. ಎಲ್ಲರದ್ದನ್ನೂ ಸೇರಿಸಿ ಒಂದೇ ಲಾರಿಯಲ್ಲಿ ಶಿರಸಿ ಮಾರುಕಟ್ಟೆಗೆ ಕಳಿಸುತ್ತೇವೆ. ಮಾರಾಟದ ಪಟ್ಟಿ ಬಂದ ಮೇಲೆ ದುಡ್ಡು ಹಂಚಿಕೆ. ಈ ಲೆಕ್ಕ ಇಷ್ಟು ವರ್ಷ ಅರ್ಧ ಕಿರ್ದಿ ಪುಸ್ತಕದಲ್ಲಿ, ಅರ್ಧ ಎಕ್ಸೆಲ್‌ನಲ್ಲಿ ನಡೆಯುತ್ತಿತ್ತು. ಅದನ್ನು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದ ಮೇಲೆ ಹೊಸದಾಗಿ ಕಟ್ಟಿದ್ದೇನೆ. ಕಟ್ಟುವಾಗ ಮಾಡಿದ ಟಿಪ್ಪಣಿಗಳನ್ನು ಇಲ್ಲಿ ಒಂದು ಕಡೆ ಸೇರಿಸುತ್ತಿದ್ದೇನೆ.

ಶುರುವಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ. ವಖಾರಿಯ ನಿಯಮಗಳೆಲ್ಲ ಡೇಟಾಬೇಸಿನ ಒಳಗೇ ಇರಬೇಕು. ಇವತ್ತು ಕೌಂಟರಿನ ಕಂಪ್ಯೂಟರಿನಲ್ಲಿ ನಮೂದು ಆಗುತ್ತದೆ. ನಾಳೆ ಯಾರೋ ಮೊಬೈಲಿನಲ್ಲಿ ಮಾಡುತ್ತಾರೆ. ನಾಡಿದ್ದು ಇನ್ನೊಬ್ಬರು ಎಕ್ಸೆಲ್ ಫೈಲನ್ನೇ ನೇರ ತುಂಬುತ್ತಾರೆ. ಸ್ಕ್ರೀನಿನಲ್ಲಿ ಬರೆದ ತಪಾಸಣೆ ಆ ಸ್ಕ್ರೀನಿಗೆ ಮಾತ್ರ ಕಾವಲು. ಕೋಷ್ಟಕದ ಮೇಲೆ ಬರೆದ ತಪಾಸಣೆಯನ್ನು ಯಾರೂ ದಾಟಿ ಹೋಗಲಾರರು. ಐದು ವರ್ಷದಲ್ಲಿ ಸ್ಕ್ರೀನ್ ಹಳತಾಗುತ್ತದೆ, ಭಾಷೆ ಬದಲಾಗುತ್ತದೆ, ಬರೆದವನೂ ಬೇರೆ ಊರಿಗೆ ಹೋಗಬಹುದು. ಲೆಕ್ಕ ಮಾತ್ರ ಉಳಿಯಬೇಕು, ಸರಿಯಾಗಿ ಉಳಿಯಬೇಕು. ಮುಂದೆ ಹೇಳುವುದೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟಿದ್ದು.

ಸಾಮಾನು ಸಾದಾ. ಒಂದು ಹಳೆ ಡೆಸ್ಕ್‌ಟಾಪ್, ಹೊಸ ಎಸ್‌ಎಸ್‌ಡಿ, ಒಂದು ಯುಪಿಎಸ್, ಒಂದು ವೈಫೈ ರೂಟರ್. ಮೇಲೆ ಡೆಬಿಯನ್ 12 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ. ಅದರ ಜೊತೆಗೇ ಬರುವ ಪೋಸ್ಟ್‌ಗ್ರೆಸ್ 15 ನಮಗೆ ಧಾರಾಳ ಸಾಕು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಕೆಲಸ ಇದು, ಈಗಲೂ ಪೂರ್ತಿ ಉಚಿತ. ನಮೂದು ಮಾಡುವ ಪುಟಗಳನ್ನು ಪೈಥಾನ್ ಭಾಷೆಯ ಫ್ಲಾಸ್ಕ್ ಅನ್ನುವ ಸಲಕರಣೆಯಲ್ಲಿ ಬರೆದೆ. ವಖಾರಿಯ ವೈಫೈ ಹಿಡಿದರೆ ಯಾರ ಫೋನಿನಲ್ಲೂ ಬ್ರೌಸರಿನಲ್ಲಿ ತೆರೆಯುತ್ತದೆ. ಇಂಟರ್ನೆಟ್ ಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಇದೇ ದೊಡ್ಡ ಅನುಕೂಲ.

ಕನ್ನಡದಲ್ಲೇ ಕೋಷ್ಟಕ

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ: ಪೋಸ್ಟ್‌ಗ್ರೆಸ್‌ನಲ್ಲಿ ಕೋಷ್ಟಕದ ಹೆಸರು, ಕಾಲಮ್ಮಿನ ಹೆಸರು ಕನ್ನಡ ಲಿಪಿಯಲ್ಲೇ ಇಡಬಹುದು. ಉದ್ಧರಣ ಚಿಹ್ನೆಯೂ ಬೇಡ. ನಮ್ಮ ಕೋಷ್ಟಕಗಳು ಸದಸ್ಯ, ಆವಕ, ಲಾಟು, ರವಾನೆ, ಕಿರ್ದಿ. ವಖಾರಿಯಲ್ಲಿ ದಿನಾ ಆಡುವ ಮಾತೇ ಡೇಟಾಬೇಸಿಗೆ ಕೊಡುವ ಆಜ್ಞೆಯಲ್ಲೂ (ಕ್ವೆರಿ) ಬರುತ್ತದೆ. ಲೆಕ್ಕ ಬರೆಯುವ ಹಿರಿಯರ ಪಕ್ಕ ಕೂತು ನಕ್ಷೆ ತೋರಿಸಿದಾಗ ಅವರಿಗೆ ಬೇರೆ ವಿವರಣೆ ಬೇಕಾಗಲೇ ಇಲ್ಲ. ಯಾವುದು ಯಾವುದಕ್ಕೆ ಸೇರುತ್ತದೆ ಅಂತ ಅವರೇ ಬೆರಳಿಟ್ಟು ಹೇಳಿದರು.

ಒಂದು ಮಿತಿ ಇದೆ. ಹೆಸರು 63 ಬೈಟ್ ದಾಟುವ ಹಾಗಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ (್) ಎಲ್ಲ ಬೇರೆ ಬೇರೆ ಲೆಕ್ಕ. ಅಂದರೆ 21 ಸಂಕೇತಕ್ಕೆ ಹೆಸರು ಮುಗಿಯಬೇಕು. ‘ನಿವ್ವಳ_ತೂಕ_ಸೊನ್ನೆಗಿಂತ_ಜಾಸ್ತಿ_ಇರಬೇಕು’ ಅಂತ ಒಂದು ನಿಯಮಕ್ಕೆ ಹೆಸರು ಕೊಟ್ಟರೆ ಅದು ‘ನಿವ್ವಳ_ತೂಕ_ಸೊನ್ನೆಗಿಂತ_ಜ’ ಅನ್ನುವಲ್ಲಿಗೆ ಕತ್ತರಿಸಿ ಹೋಗುತ್ತದೆ. ಡೇಟಾಬೇಸ್ ಒಂದು ಸೂಚನೆ ಕೊಡುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಆದ್ದರಿಂದ ಹೆಸರು ಚಿಕ್ಕದಾಗಿರಲಿ.

ನಿಯಮಗಳಿಗೂ ಕನ್ನಡದಲ್ಲಿ ಹೆಸರು ಕೊಟ್ಟದ್ದು ಸುಮ್ನೆ ಚಂದಕ್ಕಲ್ಲ. ಯಾವುದಾದರೂ ನಿಯಮ ಮುರಿದರೆ ಪೋಸ್ಟ್‌ಗ್ರೆಸ್ ದೋಷದ ಜೊತೆ ಆ ನಿಯಮದ ಹೆಸರನ್ನೂ ಕಳಿಸುತ್ತದೆ. ಪೈಥಾನ್ ಕಡೆ ಅದನ್ನು ಹಿಡಿದು, ಅಡಿಗೆರೆ ತೆಗೆದು, ಕೆಂಪು ಅಕ್ಷರದಲ್ಲಿ ತೋರಿಸುತ್ತೇನೆ. ಚೀಲದ ಸಂಖ್ಯೆ ಸೊನ್ನೆ ಹಾಕಿದರೆ ಪರದೆಯ ಮೇಲೆ ‘ಚೀಲ ಸೊನ್ನೆ ಆಗಬಾರದು’ ಅಂತ ಬರುತ್ತದೆ. ದೋಷಸಂದೇಶಕ್ಕೆ ಬೇರೆ ಪಟ್ಟಿ ಬರೆಯುವ ಕೆಲಸವೇ ಇಲ್ಲ. ಹೊಸ ನಿಯಮ ಸೇರಿಸಿದರೆ ಅದರ ಸಂದೇಶವೂ ಜೊತೆಗೇ ಬಂದಹಾಗಾಯಿತು.

ಹಳೆ ಫೈಲಿನ ಹೆಸರುಗಳು

ಜಾಸ್ತಿ ಬೆವರು ಸುರಿಸಿದ್ದು ಇಲ್ಲಿ. ಹಳೆ ಎಕ್ಸೆಲ್ ಫೈಲುಗಳು ನುಡಿ ಫಾಂಟಿನಲ್ಲಿದ್ದವು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಆ ಪದ್ಧತಿಯಲ್ಲಿ ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೇ. ಫಾಂಟು ತೆಗೆದರೆ ಏನೂ ಓದಲಿಕ್ಕಾಗದು. ಇದರ ಪರಿವರ್ತಕಗಳು ಸಿಗುತ್ತವೆ. ಆದರೂ ಒಂದೊಂದು ಹೆಸರನ್ನು ಕಣ್ಣಿಟ್ಟು ನೋಡಲೇಬೇಕು. ಅರ್ಕಾವೊತ್ತನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ಹೆಸರೇ ಬೇರೆಯಾಗುತ್ತದೆ.

ಯೂನಿಕೋಡ್ ಆದ ಮೇಲೂ ಕಥೆ ಮುಗಿಯಲಿಲ್ಲ. ‘ಗೋಪಾಲ’ ಅಂತ ಹುಡುಕಿದರೆ ಕೆಲವರು ಸಿಗುತ್ತಿರಲಿಲ್ಲ. ಪರದೆಯ ಮೇಲೆ ಹೆಸರು ಸರಿಯಾಗೇ ಕಾಣುತ್ತಿತ್ತು. ಕಾರಣ ‘ಗೋ’ ಅಕ್ಷರದ ಓತ್ವ. ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ಊ, ದೀರ್ಘ ಅಂತ ಮೂರು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಒಂದು 3 ಬೈಟ್, ಇನ್ನೊಂದು 9 ಬೈಟ್. ಎರಡೂ ಸಮ ಅಂತ ಅದು ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆವೃತ್ತಿ 13ರಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ. ಅದನ್ನು ಓಡಿಸಿ ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಓತ್ವ ಒಂದೇ ಸಂಕೇತವಾಗಿರುವ ರೂಪಕ್ಕೆ ತಂದೆ. ಆಮೇಲೆ ಸದಸ್ಯ ಕೋಷ್ಟಕದ ಮೇಲೆ ಒಂದು ಚೆಕ್ ನಿಯಮ ಹಾಕಿದೆ: ಹೆಸರು ಎನ್‌ಎಫ್‌ಸಿ ರೂಪದಲ್ಲಿ ಇರಲೇಬೇಕು. ಇನ್ನು ಯಾವ ಫೋನಿನ ಯಾವ ಕೀಬೋರ್ಡಿನಿಂದ ಹೊಡೆದರೂ ಎರಡು ಬಗೆಯ ‘ಗೋ’ ಒಳಗೆ ಬರಲಾರದು.

ಕಣ್ಣಿಗೆ ಕಾಣದ ಇನ್ನೆರಡು ಸಂಕೇತ ಇವೆ, ಝಡ್‌ಡಬ್ಲ್ಯುಜೆ ಮತ್ತು ಝಡ್‌ಡಬ್ಲ್ಯುಎನ್‌ಜೆ. ಒತ್ತಕ್ಷರ ಕೂಡಬೇಕೋ ಬಿಡಬೇಕೋ ಅಂತ ಹೇಳುವವು. ನಾರ್ಮಲೈಸ್ ಇವನ್ನು ಮುಟ್ಟುವುದಿಲ್ಲ. ತೆಗೆದು ಹಾಕಿದರೆ ಹೆಸರಿನ ರೂಪ ಕೆಡಬಹುದು, ಇಟ್ಟರೆ ಹುಡುಕುವಾಗ ತೊಂದರೆ. ಅದಕ್ಕೆ ‘ಹುಡುಕು_ಹೆಸರು’ ಅಂತ ಒಂದು ಜನರೇಟೆಡ್ ಕಾಲಮ್ ಮಾಡಿದೆ. ಮೂಲ ಹೆಸರಿನಿಂದ ಆ ಎರಡು ಸಂಕೇತ ಮತ್ತು ಪದಗಳ ನಡುವಿನ ಖಾಲಿ ಜಾಗ ಕಳೆದು ಡೇಟಾಬೇಸೇ ಅದನ್ನು ತುಂಬಿಕೊಳ್ಳುತ್ತದೆ. ತೋರಿಸಲು ಮೂಲ ಹೆಸರು, ಹುಡುಕಲು ಇದು.

ಇಷ್ಟೆಲ್ಲ ಮಾಡಿದರೂ ಹೆಸರನ್ನು ಗುರುತಾಗಿ ನಂಬುವ ಹಾಗಿಲ್ಲ. ನಮ್ಮ ಕಡೆ ಒಂದೇ ಊರಲ್ಲಿ ಒಂದೇ ಹೆಸರಿನ ಹೆಗಡೆಯವರು, ಭಟ್ಟರು, ನಾಯ್ಕರು ಎಷ್ಟು ಮಂದಿ ಬೇಕು? ಸದಸ್ಯ ಸಂಖ್ಯೆಯೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತು. ಮನೆಯ ಹೆಸರು ಬೇರೆ ಕಾಲಮ್.

ಹಳೆ ಫೈಲುಗಳನ್ನು ಮೊದಲು ಎಲ್ಲ ಕಾಲಮ್ಮೂ ಬರೀ ಪಠ್ಯವಾಗಿರುವ ಒಂದು ಕಚ್ಚಾ ಕೋಷ್ಟಕಕ್ಕೆ ತುಂಬಿದೆ. ಕನ್ನಡ ಅಂಕಿ, ಅಲ್ಪವಿರಾಮ ಇರುವ ಮೊತ್ತ, ಎರಡು ಬಗೆಯ ದಿನಾಂಕ ಎಲ್ಲ ಅದರಲ್ಲಿ ಸಿಕ್ಕವು. ಕನ್ನಡ ಅಂಕಿಯನ್ನು ಪೋಸ್ಟ್‌ಗ್ರೆಸ್ ಸಂಖ್ಯೆ ಅಂತ ಓದುವುದಿಲ್ಲ. ಟ್ರಾನ್ಸ್‌ಲೇಟ್ ಫಂಕ್ಷನ್ನಿಂದ ಬದಲಿಸಿಕೊಳ್ಳಬೇಕು. ಒಂದೊಂದನ್ನೂ ಕ್ವೆರಿಯಿಂದ ಶುದ್ಧ ಮಾಡಿ ನಿಜವಾದ ಕೋಷ್ಟಕಕ್ಕೆ ದಾಟಿಸಿದೆ. ದಾಟದೇ ಉಳಿದ ಸಾಲುಗಳನ್ನು ಮುದ್ರಿಸಿ ಕಿರ್ದಿ ಪುಸ್ತಕದ ಜೊತೆ ತಾಳೆ ನೋಡಿದೆವು.

ತೂಕ, ದರ್ಜೆ

ತೂಕಕ್ಕೆ ಮೂರು ದಶಾಂಶ ಸ್ಥಾನದ ನ್ಯೂಮೆರಿಕ್ (ದಶಾಂಶವನ್ನು ಇದ್ದ ಹಾಗೇ ಇಡುವ ಸಂಖ್ಯೆಯ ಬಗೆ), ಹಣಕ್ಕೆ ಎರಡು ಸ್ಥಾನದ್ದು. ದಶಾಂಶವನ್ನು ಅಂದಾಜಾಗಿ ಇಡುವ ಡಬಲ್ ಪ್ರಿಸಿಷನ್ ಬೇಡವೇ ಬೇಡ. ಅದರಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ವಿಜ್ಞಾನದ ಲೆಕ್ಕಕ್ಕೆ ಅದು ನಡೆಯುತ್ತದೆ, ರೈತನ ಖಾತೆಗೆ ನಡೆಯುವುದಿಲ್ಲ. ದರ ಕ್ವಿಂಟಲ್ ಲೆಕ್ಕದಲ್ಲಿ, ತೂಕ ಕಿಲೋ ಲೆಕ್ಕದಲ್ಲಿ ಇರುತ್ತದೆ. 63.450 ಕಿಲೋ ಚಾಲಿಗೆ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ಕ್ವಿಂಟಲಿಗೆ 38,200 ರೂಪಾಯಿ ದರ ಅಂತ ಇಟ್ಟುಕೊಂಡರೆ 24,237.90 ರೂಪಾಯಿ. ಕೈಯಲ್ಲಿ ಮಾಡಿದರೂ ಅಷ್ಟೇ, ಡೇಟಾಬೇಸಿನಲ್ಲೂ ಅಷ್ಟೇ ಬರಬೇಕು.

ನಿವ್ವಳ ತೂಕವನ್ನು ಯಾರೂ ಕೈಯಿಂದ ಹಾಕುವುದಿಲ್ಲ. ಒಟ್ಟು ತೂಕದಿಂದ ಚೀಲದ ತೂಕ ಕಳೆದು ಬರುವ ಜನರೇಟೆಡ್ ಕಾಲಮ್ ಅದು. ಗೋಣಿಯ ತೂಕ ಬೇರೆ, ಪ್ಲಾಸ್ಟಿಕ್ ಚೀಲದ್ದು ಬೇರೆ. ಆದ್ದರಿಂದ ಒಂದು ಚೀಲದ ತೂಕ ಎಷ್ಟು ಅನ್ನುವುದೂ ಆ ಸಾಲಿನಲ್ಲೇ ಇರುತ್ತದೆ. ತೂಕದ ಯಂತ್ರಕ್ಕೆ ಸೀರಿಯಲ್ ಪೋರ್ಟ್ ಇತ್ತು. ಯುಎಸ್‌ಬಿ ಪರಿವರ್ತಕ ಹಾಕಿ ಪೈಥಾನ್‌ನಿಂದ ಓದಿಸಿದೆ. ಯಂತ್ರ ಅಂಕಿಯನ್ನು ಬಿಡದೆ ಕಳಿಸುತ್ತಲೇ ಇರುತ್ತದೆ. ಸತತವಾಗಿ ಒಂದೇ ಅಂಕಿ ಬಂದು ನಿಂತ ಮೇಲೆ ಮಾತ್ರ ಉಳಿಸುವ ಗುಂಡಿ ಹಸಿರಾಗುತ್ತದೆ.

ಇನ್ನು ಆರಿಸುವ ಕೆಲಸ. ಒಬ್ಬ ಸದಸ್ಯ ಚಾಲಿ ಅಂತ ತಂದ ಚೀಲವನ್ನು ಆರಿಸಿದರೆ ಚಾಲಿ, ಅದಕ್ಕಿಂತ ಕಡಿಮೆ ದರ್ಜೆಯ ಕೋಕಾ, ಬಿಳೆಗೋಟು, ಕೊನೆಗೆ ಕಸ ಅಂತ ಬೇರೆ ಬೇರೆ ಆಗುತ್ತದೆ. ಒಂದು ಆವಕ, ಹಲವು ಲಾಟು. ಎಲ್ಲ ಲಾಟಿನ ತೂಕ ಕೂಡಿದರೆ ಆವಕದ ನಿವ್ವಳ ತೂಕಕ್ಕೆ ಸಮ ಆಗಬೇಕು. ಇದು ವಖಾರಿಯ ಅತಿ ಮುಖ್ಯ ನಿಯಮ. ಸದಸ್ಯರಿಗೆ ಅನುಮಾನ ಹುಟ್ಟುವ ಜಾಗವೂ ಇದೇ, ಅಲ್ವಾ?

ಸಾದಾ ಚೆಕ್ ನಿಯಮ ಒಂದು ಸಾಲನ್ನಷ್ಟೇ ನೋಡಬಲ್ಲದು. ಇಲ್ಲಿ ಹಲವು ಸಾಲಿನ ಮೊತ್ತ ನೋಡಬೇಕು. ಅದಕ್ಕೆ ಸಾಲು ಬದಲಾದಾಗ ತಾನಾಗಿ ಓಡುವ ತಪಾಸಣೆ, ಕನ್‌ಸ್ಟ್ರೇಂಟ್ ಟ್ರಿಗರ್ ಬರೆದೆ, ಅದನ್ನು ಡಿಫರ್ಡ್ ಮಾಡಿದೆ. ಅಂದರೆ ಮೊದಲ ಲಾಟು ಸೇರಿಸಿದ ಕೂಡಲೇ ತಪಾಸಣೆ ಆಗುವುದಿಲ್ಲ. ಆಗಿದ್ದರೆ ಮೊತ್ತ ಎಂದೂ ಸಮ ಆಗುತ್ತಿರಲಿಲ್ಲ. ಎಲ್ಲ ಲಾಟು ಸೇರಿಸಿ ಕಮಿಟ್ ಮಾಡುವ, ಅಂದರೆ ನಮೂದನ್ನು ಕಾಯಂ ಮಾಡುವ ಹೊತ್ತಿಗೆ ಕೂಡಿ ನೋಡುತ್ತದೆ. ಸಮ ಇಲ್ಲದಿದ್ದರೆ ಇಡೀ ನಮೂದು ವಾಪಸ್. ಇಬ್ಬರು ಒಂದೇ ಆವಕದ ಮೇಲೆ ಒಟ್ಟಿಗೆ ಕೂರಬಾರದು ಅಂತ ಆ ಆವಕದ ಸಾಲಿಗೆ ಮೊದಲೇ ಬೀಗ ಹಾಕಿಕೊಳ್ಳುತ್ತೇನೆ.

ಬೇರೆ ಬೇರೆ ತೂಗಿದಾಗ ಯಂತ್ರ ತೂಕವನ್ನು ಹತ್ತಿರದ ಅಂಕಿಗೆ ಸರಿ ಮಾಡಿ ತೋರಿಸುವುದರಿಂದ ಒಂದಿಷ್ಟು ಗ್ರಾಂ ಆಚೀಚೆ ಆಗಿಯೇ ಆಗುತ್ತದೆ. ‘ಇಷ್ಟು ಗ್ರಾಂ ತನಕ ಬಿಡು’ ಅಂತ ಟ್ರಿಗರ್‌ನಲ್ಲಿ ಬರೆಯುವುದು ಸುಲಭ. ನಾನು ಹಾಗೆ ಮಾಡಲಿಲ್ಲ. ‘ತೂಕ ವ್ಯತ್ಯಾಸ’ ಅಂತಲೇ ಒಂದು ದರ್ಜೆ ಇಟ್ಟೆ. ವ್ಯತ್ಯಾಸ ಎಷ್ಟೇ ಇರಲಿ, ಅದು ಒಂದು ಸಾಲಾಗಿ ಕೂರುತ್ತದೆ. ಮೊತ್ತ ಯಾವಾಗಲೂ ಗ್ರಾಮಿಗೆ ಗ್ರಾಂ ಸಮ. ವರ್ಷದ ಕೊನೆಯಲ್ಲಿ ವ್ಯತ್ಯಾಸವನ್ನಷ್ಟೇ ಕೂಡಿ ನೋಡಿದರೆ ಯಂತ್ರಕ್ಕೆ ರಿಪೇರಿ ಬೇಕೋ ಇಲ್ಲವೋ ಗೊತ್ತಾಗುತ್ತದೆ.

ದಾಸ್ತಾನು ಇಟ್ಟ ಅಡಿಕೆಯ ತೂಕ ನಿಂತಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ, ಮಳೆಗಾಲದಲ್ಲಿ ತಂಪು ಹಿಡಿದು ಏರುತ್ತದೆ. ಆದ್ದರಿಂದ ಲಾಟಿನ ತೂಕವನ್ನು ಯಾರೂ ತಿದ್ದುವ ಹಾಗಿಲ್ಲ. ಕಳಿಸುವಾಗ ಮತ್ತೆ ತೂಗಿದರೆ ಅದು ಹೊಸ ತೂಕ, ಹೊಸ ದಿನಾಂಕ, ಹೊಸ ಸಾಲು.

ಹಳೆ ಚಾಲಿ, ಹೊಸ ಚಾಲಿ

ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಎಕ್ಸೆಲ್‌ನಲ್ಲಿ ‘ಹಳೆ ಚಾಲಿ’, ‘ಹೊಸ ಚಾಲಿ’ ಅಂತ ಎರಡು ದರ್ಜೆ ಇದ್ದವು. ಮಾರುಕಟ್ಟೆಯಲ್ಲಿ ಎರಡಕ್ಕೂ ದರ ಬೇರೆ, ಆದ್ದರಿಂದ ಅದು ಸರಿ ಅಂತಲೇ ಕಾಣುತ್ತದೆ. ಆದರೆ ಹೊಸ ಚಾಲಿ ವಖಾರಿಯಲ್ಲಿ ಕೂತ ಹಾಗೇ ಒಂದು ದಿನ ಹಳೆ ಚಾಲಿ ಆಗುತ್ತದೆ. ಚೀಲವನ್ನು ಯಾರೂ ಮುಟ್ಟಿರುವುದಿಲ್ಲ. ಮುಂದಿನ ಬೆಳೆ ಬಂತು, ಅಷ್ಟೇ. ಪ್ರತಿ ವರ್ಷ ಯಾರೋ ಕೂತು ನೂರಾರು ಸಾಲು ಬದಲಿಸಬೇಕಿತ್ತು. ಕೆಲವು ಬಿಟ್ಟು ಹೋಗುತ್ತಿದ್ದವು.

ಹೊಸದು, ಹಳೆಯದು ಅನ್ನುವುದು ಅಡಿಕೆಯ ಗುಣ ಅಲ್ಲ. ಅದು ಬೆಳೆಯ ಹಂಗಾಮಿಗೂ ಮಾರುವ ದಿನಕ್ಕೂ ಇರುವ ಸಂಬಂಧ. ಹಾಗಾಗಿ ಆ ಎರಡು ದರ್ಜೆಯನ್ನೇ ತೆಗೆದೆ. ದರ್ಜೆ ಬರೀ ಚಾಲಿ. ಲಾಟಿಗೆ ಹಂಗಾಮು ಜೋಡಿಸಿದೆ. ಹಂಗಾಮು ಕೋಷ್ಟಕದಲ್ಲಿ ಪ್ರತಿ ಸರಕಿಗೆ ಒಂದು ಅವಧಿ ಇರುತ್ತದೆ. ಯಾವ ದಿನದಿಂದ ಯಾವ ದಿನದ ತನಕ ಆ ಬೆಳೆಯನ್ನು ಹೊಸದು ಅನ್ನುತ್ತೇವೆ ಅಂತ. ರವಾನೆಯ ದಿನ ಆ ಅವಧಿಯೊಳಗೆ ಬಿದ್ದರೆ ಹೊಸ ಚಾಲಿ, ದಾಟಿದರೆ ಹಳೆ ಚಾಲಿ. ಒಂದು ವ್ಯೂ, ಅಂದರೆ ಕೇಳಿದಾಗಲೆಲ್ಲ ಲೆಕ್ಕ ಹಾಕಿ ತೋರಿಸುವ ಕೋಷ್ಟಕ, ಇದನ್ನು ಹೇಳುತ್ತದೆ. ಯಾರೂ ಏನೂ ಬದಲಿಸಬೇಕಾಗಿಲ್ಲ.

ಅವಧಿಗೆ ಡೇಟ್‌ರೇಂಜ್ ಅನ್ನುವ ಬಗೆ ಬಳಸಿದೆ. ಒಂದೇ ಸರಕಿನ ಎರಡು ಹಂಗಾಮು ಒಂದರ ಮೇಲೊಂದು ಬೀಳಬಾರದು ಅಂತ ಎಕ್ಸ್‌ಕ್ಲೂಷನ್ ನಿಯಮ ಹಾಕಿದೆ. ಇದಕ್ಕೆ ಬಿಟ್ರೀ ಜಿಸ್ಟ್ ಅನ್ನುವ ಎಕ್ಸ್‌ಟೆನ್ಷನ್ ಬೇಕು, ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಡೇಟ್‌ರೇಂಜ್‌ನಲ್ಲಿ ಶುರುವಿನ ದಿನ ಒಳಗೆ, ಕೊನೆಯ ದಿನ ಹೊರಗೆ. ಹಾಗಾಗಿ ಒಂದು ಹಂಗಾಮು ಮುಗಿಯುವ ದಿನಾಂಕವೇ ಮುಂದಿನದರ ಶುರು ಆಗಬಹುದು. ನಡುವೆ ಬಿರುಕೂ ಇಲ್ಲ, ಜಗಳವೂ ಇಲ್ಲ. ಇಂಥ ನಿಯಮವನ್ನು ಪುಟದ ಕೋಡಿನಲ್ಲಿ ಬರೆಯಹೊರಟರೆ ಇಬ್ಬರು ಒಟ್ಟಿಗೆ ಉಳಿಸಿದಾಗ ಏನಾಗುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಕು. ಇಲ್ಲಿ ಆ ಚಿಂತೆ ಡೇಟಾಬೇಸಿನದ್ದು.

ಪೈಸೆ ಹಂಚುವುದು

ಒಂದು ರವಾನೆಯಲ್ಲಿ ಹಲವರ ಲಾಟು ಇರುತ್ತದೆ. ಲಾರಿ ಬಾಡಿಗೆ, ಹಮಾಲಿ ಎಲ್ಲ ತೂಕದ ಪ್ರಕಾರ ಹಂಚಬೇಕು. ಸಮ ತೂಕದ ಮೂವರ ನಡುವೆ 1,000 ರೂಪಾಯಿ ಹಂಚಿ ನೋಡಿ. ತಲಾ 333.33 ಆಗುತ್ತದೆ. ಕೂಡಿದರೆ 999.99. ಒಂದು ಪೈಸೆ ಎಲ್ಲಿ? ಒಂದು ಪೈಸೆಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸರಿ. ಆದರೆ ಲೆಕ್ಕ ತಾಳೆ ಆಗದಿದ್ದರೆ ನಿಜವಾದ ತಪ್ಪೂ ಆ ಪೈಸೆಗಳ ನಡುವೆ ಅಡಗಿ ಕೂರುತ್ತದೆ.

ಸಾಲಿನಿಂದ ಸಾಲಿಗೆ ಕೂಡುತ್ತಾ ಹೋಗಬಲ್ಲ ವಿಂಡೋ ಫಂಕ್ಷನ್ ಇದಕ್ಕೆ ಹೇಳಿ ಮಾಡಿಸಿದ ಸಲಕರಣೆ. ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಸರಿ ಮಾಡುವ ಬದಲು ಕೂಡುತ್ತಾ ಬರುವ ಮೊತ್ತವನ್ನು ಪೈಸೆಗೆ ಸರಿ ಮಾಡುತ್ತೇನೆ. ಮೊದಲನೆಯವರ ತನಕ 333.33, ಎರಡನೆಯವರ ತನಕ 666.67, ಮೂರನೆಯವರ ತನಕ 1000.00. ಆಮೇಲೆ ಪ್ರತಿ ಮೊತ್ತದಿಂದ ಹಿಂದಿನ ಮೊತ್ತ ಕಳೆಯಬೇಕು. ಪಾಲು 333.33, 333.34, 333.33. ಕೂಡಿದರೆ ಸರಿಯಾಗಿ ಸಾವಿರ. ಎಷ್ಟು ಜನ ಇರಲಿ, ತೂಕ ಹೇಗೇ ಇರಲಿ, ಕೊನೆಯ ಮೊತ್ತ ತಪ್ಪುವುದೇ ಇಲ್ಲ. ಲಾಟಿನ ಸಂಖ್ಯೆಯ ಕ್ರಮದಲ್ಲೇ ಕೂಡುವುದರಿಂದ ನಾಳೆ ಮತ್ತೆ ಓಡಿಸಿದರೂ ಅದೇ ಉತ್ತರ.

ಹಂಚಿದ್ದು ಕಿರ್ದಿಗೆ ಹೋಗುತ್ತದೆ. ಕಾಗದದ ಕಿರ್ದಿಯಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿ ಇಲ್ಲ. ತಪ್ಪಾದರೆ ಉಲ್ಟಾ ನಮೂದು ಹಾಕಬೇಕು. ಇಲ್ಲೂ ಹಾಗೇ ಇಟ್ಟೆ. ಪುಟಗಳು ಬಳಸುವ ಡೇಟಾಬೇಸ್ ಖಾತೆಗೆ ಕಿರ್ದಿಯ ಮೇಲೆ ಓದುವ, ಸೇರಿಸುವ ಅಧಿಕಾರ ಮಾತ್ರ ಇದೆ. ತಿದ್ದುವ, ಅಳಿಸುವ ಅಧಿಕಾರ ಕೊಟ್ಟಿಲ್ಲ. ಉಲ್ಟಾ ನಮೂದು ಯಾವ ಸಾಲಿನದ್ದು ಅಂತ ಒಂದು ಕಾಲಮ್ ಇದೆ. ಅದು ಯೂನೀಕ್, ಒಂದೇ ಸಾಲನ್ನು ಎರಡು ಸಲ ಉಲ್ಟಾ ಮಾಡಲಾಗದು. ಬಾಕಿ ಎಷ್ಟು ಅನ್ನುವುದನ್ನು ಎಲ್ಲೂ ಬರೆದಿಡುವುದಿಲ್ಲ. ಬೇಕಾದಾಗ ಕೂಡಿ ತೆಗೆಯುತ್ತೇವೆ.

ಸದಸ್ಯರ ವಾರ್ಷಿಕ ಪಟ್ಟಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಕೊಟ್ಟು ನೋಡಿದರೆ ಇಡೀ ಕಿರ್ದಿಯನ್ನು ಪ್ರತಿ ಸಲ ಓದುತ್ತಿತ್ತು. ಇನ್ನೊಂದು ಕೋಷ್ಟಕದ ಸಾಲಿಗೆ ಕೊಂಡಿ ಹಾಕುವ (ಫಾರಿನ್ ಕೀ) ಕಾಲಮ್ಮಿಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಸೂಚಿ, ಮಾಡುವುದಿಲ್ಲ. ಸದಸ್ಯ ಮತ್ತು ದಿನಾಂಕದ ಮೇಲೆ ಒಂದು ಇಂಡೆಕ್ಸ್ ಹಾಕಿದ ಮೇಲೆ ಕ್ಲಿಕ್ ಮಾಡಿದ ಕೂಡಲೇ ಬರುತ್ತದೆ.

ಕರೆಂಟು ಹೋದರೆ

ಈ ಪ್ರಶ್ನೆ ಎಲ್ಲರೂ ಕೇಳಿದರು. ಹಾಗಾಗಿ ಅವರ ಎದುರೇ ಪರೀಕ್ಷೆ ಮಾಡಿದೆ. ಯುಪಿಎಸ್ ಬದಿಗಿಟ್ಟು, ನಮೂದು ನಡೆಯುತ್ತಿರುವಾಗಲೇ ಪ್ಲಗ್ ಕಿತ್ತೆ. ಮತ್ತೆ ಶುರು ಮಾಡಿದಾಗ ಕಮಿಟ್ ಆದ ಆವಕ ಎಲ್ಲ ಇತ್ತು. ಅರ್ಧಕ್ಕೆ ನಿಂತ ಒಂದು ಆವಕ ಇರಲೇ ಇಲ್ಲ, ಅದರ ಒಂದು ಲಾಟೂ ಉಳಿದಿರಲಿಲ್ಲ. ಬದಲಾವಣೆ ಮೊದಲು ವಾಲ್ ಅನ್ನುವ ದಾಖಲೆಗೆ ಹೋಗಿ ಡಿಸ್ಕಿನ ಮೇಲೆ ಕೂತ ಮೇಲೇ ಪೋಸ್ಟ್‌ಗ್ರೆಸ್ ಕಮಿಟ್ ಆಯಿತು ಅನ್ನುತ್ತದೆ. ಎದ್ದಾಗ ಅದನ್ನು ಓದಿ ಸರಿಮಾಡಿಕೊಳ್ಳುತ್ತದೆ. ಬರೆಯದೇ ಬರೆದೆ ಅನ್ನುವ ಅಗ್ಗದ ಡಿಸ್ಕ್ ಇದ್ದರೆ ಮಾತ್ರ ಈ ಭರವಸೆ ಉಳಿಯುವುದಿಲ್ಲ. ಡಿಸ್ಕಿಗೆ ಖರ್ಚು ಮಾಡಿ.

ಇಡೀ ಡೇಟಾಬೇಸಿನ ಪ್ರತಿ ತೆಗೆಯುವ ಪಿಜಿ ಡಂಪ್ ರಾತ್ರಿ ತಾನಾಗಿ ಓಡುತ್ತದೆ. ಆ ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಮನೆಗೆ ಹೋಗುತ್ತದೆ. ಗುಡುಗು ಶುರುವಾದರೆ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು ಅಂತ ಗೋಡೆಗೆ ಚೀಟಿ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ಆ ಪ್ರತಿಯನ್ನು ಪೂರ್ತಿ ಮರಳಿ ತೆರೆದು, ಕಿರ್ದಿಯ ಮೊತ್ತ ವಖಾರಿಯ ಮೊತ್ತಕ್ಕೆ ಸಮ ಇದೆಯಾ ಅಂತ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ.

ಈಗ ಕಾಳುಮೆಣಸು ಸೇರಿಸುತ್ತಿದ್ದೇನೆ. ಮೆಣಸಿಗೆ ಲೀಟರಿನ ತೂಕ ನೋಡಬೇಕು, ಒಂದು ಲೀಟರಿಗೆ ಎಷ್ಟು ಗ್ರಾಂ ಅಂತ. ಅಡಿಕೆಗೆ ಅದು ಬೇಡ. ಲಾಟು ಕೋಷ್ಟಕಕ್ಕೇ ಒಂದು ಖಾಲಿ ಕಾಲಮ್ ಸೇರಿಸಬಹುದು, ಇಲ್ಲವೇ ಯಾವ ಬಗೆಯ ಮಾಹಿತಿಯನ್ನೂ ಹಿಡಿಯುವ ಜೇಸನ್ ಕಾಲಮ್ ಒಂದನ್ನಿಟ್ಟು ಬೇಕಾದ್ದು ತುಂಬಬಹುದು. ಎರಡೂ ನನಗೆ ಒಪ್ಪಿಗೆ ಆಗಲಿಲ್ಲ. ‘ಮೆಣಸಿನ_ಗುಣ’ ಅಂತ ಬೇರೆ ಕೋಷ್ಟಕ ಮಾಡಿದೆ. ಲಾಟಿನ ಸಂಖ್ಯೆ ಮತ್ತು ಸರಕು ಎರಡನ್ನೂ ಸೇರಿಸಿ ಫಾರಿನ್ ಕೀ ಹಾಕಿದೆ, ಸರಕು ಮೆಣಸೇ ಆಗಿರಬೇಕು ಅಂತ ಚೆಕ್ ಹಾಕಿದೆ. ಅಡಿಕೆ ಲಾಟಿಗೆ ಯಾರೂ ಲೀಟರ್ ತೂಕ ಬರೆಯಲಾರರು. ಕೋಷ್ಟಕ ಸಿದ್ಧ ಇದೆ, ಫಾರ್ಮ್ ಇನ್ನೂ ಆಗಿಲ್ಲ. ಮೆಣಸಿನ ಮೊದಲ ಚೀಲ ಬಾಗಿಲಿಗೆ ಬರುವ ಮೊದಲು ಅದು ಮುಗಿಯಬೇಕು.